ಆ ಕೆಮ್ಮು ನಂದೇ

ಸಂಜೆ ಪಾರ್ಕಿನ ಬೆಂಚಲ್ಲಿ ಇಬ್ಬರು ಅಜ್ಜಂದಿರ ಜಗಳ. ಹಿಂದೂಸ್ತಾನಿ ಗಾಯಕರಲ್ಲಿ ಭೀಮಸೇನ ಜೋಶಿ ದೊಡ್ಡವರೋ, ಮಲ್ಲಿಕಾರ್ಜುನ ಮನ್ಸೂರರೋ ಅಂತ!

"ಜೋಶಿ ಹನ್ನೊಂದನೇ ವಯಸ್ಸಿಗೇ ಗುರು ಬೇಕು ಅಂತ ಮನೆ ಬಿಟ್ಟು ಓಡಿದವರು ರೀ. 2008ರಲ್ಲಿ ಭಾರತರತ್ನ!" ಅಂದರು ಒಬ್ಬರು.

ಇನ್ನೊಬ್ಬರು ವಾದಕ್ಕೇ ಇಳಿಯಲಿಲ್ಲ. ಸುಮ್ನೆ ಮೊಬೈಲ್ ತೆಗೆದು ಮನ್ಸೂರರ ಶಿವಮತ ಭೈರವ ಹಾಕಿದರು. ಹಳೇ ಕ್ಯಾಸೆಟ್‌ನಿಂದ ಮೊಮ್ಮಗಳು ಇಳಿಸಿಕೊಟ್ಟಿದ್ದಂತೆ. ಬೆಳಗಿನ ರಾಗ, ಹೊತ್ತು ಸಂಜೆ ಆರೂವರೆ. ಇರಲಿ ಬಿಡಿ, ಕೇಳೋರಿಗಿಲ್ಲದ ತಕರಾರು ನನಗ್ಯಾಕೆ.

ಧಾರವಾಡದ ಯಾವುದೋ ಸಂಗೀತ ಕಚೇರಿ. ಗರಗರ ಸದ್ದು ಜಾಸ್ತಿ. ಆ ಗರಗರದ ನಡುವೆಯೇ ಉಸಿರೇ ಬಿಡದ ಹಾಗೆ ಒಂದು ತಾನ ಮೇಲೇರಿತು. ಇಳಿಯುವ ಹೊತ್ತಿಗೆ ಸಭೆಯಲ್ಲಿ ಯಾರೋ ಕೆಮ್ಮಿದರು.

"ಅದು ನಾನೇ," ಅಂದರು ಅಜ್ಜ.

ಹಿಂದಕ್ಕೆ ಎಳೆದು ಮತ್ತೆ ಹಾಕಿದರು. ಈ ಸಲ ಕೆಮ್ಮು ಬರುವ ಮೊದಲೇ ಬೆರಳೆತ್ತಿ ತಯಾರಾಗಿದ್ದರು. ಖೊಕ್. ಮುಖದಲ್ಲಿ ಎಂಥಾ ಹೆಮ್ಮೆ ಅಂತೀರಿ! ಮನ್ಸೂರರ ಜೊತೆ ತಾನೂ ಹಾಡಿದ ಹಾಗೆ.

ಜೋಶಿ ಪಾರ್ಟಿಯ ಅಜ್ಜ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ ಅಂದರು, "ಇನ್ನೊಂದ್ಸಲ ಹಾಕು."

ನನ್ನ ವಾಕಿಂಗ್ ಅಲ್ಲಿಗೇ ಮುಗಿಯಿತು. ನಾನೂ ಬೆಂಚಿನ ತುದಿಯಲ್ಲಿ ಕೂತೆ.