ನಮ್ಮ 407ರ ಎಂಜಿನ್ ಬದಲಿಸಬೇಕೆ, ಬಿಚ್ಚಿ ಕಟ್ಟಬೇಕೆ: ನಾಲ್ಕನೆಯ ತಿಂಗಳ ವರದಿ

ಅಪ್ಪಾಜಿಯವರು ವರ್ಷಗಟ್ಟಲೆ ತೊಗರಿ ಚೀಲ ಹೇರಿಕೊಂಡು ಕಲಬುರಗಿಯ ನೆಹರು ಗಂಜಿಗೆ ಓಡಿಸಿದ ಟಾಟಾ 407 ಗಾಡಿಯನ್ನು ಮತ್ತೆ ರಸ್ತೆಗೆ ಇಳಿಸುವ ಕೆಲಸ ನಾಲ್ಕನೆಯ ತಿಂಗಳಿಗೆ ಕಾಲಿಟ್ಟಿದೆ. ಚಾಸಿ, ಪಾಟಾ (ಪಟ್ಟಿಗಳ ಸ್ಪ್ರಿಂಗ್), ಬ್ರೇಕುಗಳ ಕೆಲಸ ಕಳೆದ ತಿಂಗಳೇ ಮುಗಿಯಿತು. ಉಳಿದಿದ್ದು ಎಂಜಿನ್. ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದರೆ ಚಿಲುಮೆಯಂತೆ ಹೊಗೆ ಬರುತ್ತಿತ್ತು, ಅಂದರೆ ಸಿಲಿಂಡರಿನ ಗಾಳಿ ಪಿಸ್ಟನ್ ದಾಟಿ ಕೆಳಗೆ ಸೋರುವ ಬ್ಯಾಕ್ ಕಂಪ್ರೆಶನ್ ಜೋರಾಗಿತ್ತು. ಇದನ್ನೇ ಕಟ್ಟಬೇಕೋ, ಬೇರೆಯದನ್ನು ತರಬೇಕೋ ಎಂಬುದನ್ನು ತೀರ್ಮಾನಿಸಲು ನನಗೆ ಪೂರ್ತಿ ಮೂರು ವಾರ ಹಿಡಿಯಿತು.

ವಾಡಿಯ ಕಡೆ ಸಿಮೆಂಟ್ ಲಾರಿ ಓಡಿಸುವ ನಮ್ಮ ಕಾಕಾ ಮೊದಲ ದಿನವೇ ಹೇಳಿದ್ದರು: "ತಮ್ಮಾ, ಕಮಿನ್ಸ್ ಆರು ಸಿಲಿಂಡರ್ ಹಾಕು, ಕಮಲಾಪುರದ ಏರು ಗೊತ್ತೇ ಆಗಂಗಿಲ್ಲ." ಅವರ ಮಾತಿನಲ್ಲಿ ಹುರುಳಿದೆ. 102 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 120 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಓಡುವ ದೂರ) ಆ 5.9 ಲೀಟರ್ ಎಂಜಿನ್ನನ್ನು ಅಮೆರಿಕದ ಡಾಡ್ಜ್ ಕಂಪನಿ 1989ರಲ್ಲಿ ತನ್ನ ಪಿಕಪ್ಪಿಗೇ ಕೂರಿಸಿತ್ತು. 160 ಅಶ್ವಶಕ್ತಿ, ಸುಮಾರು 540 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಆದರೆ ಆ ಪಿಕಪ್ಪಿನ ಚೌಕಟ್ಟು, ಗೇರ್‌ಬಾಕ್ಸ್, ಮುಂದಿನ ಆಕ್ಸಲ್ ಎಲ್ಲವೂ ಆ ಹೊರೆಗೆ ಹೊಂದುವಂತಿದ್ದವು. ಸುಮಾರು ಅರ್ಧ ಟನ್ ತೂಗುವ ಎಂಜಿನ್ನನ್ನು ನಮ್ಮ ಗಾಡಿಯ ಮೂತಿಗೆ ಹೇರಿದರೆ ಮುಂದಿನ ಪಾಟಾ ಕುಸಿಯುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಮತ್ತು ಆ ಟಾರ್ಕಿಗೆ ಕ್ಲಚ್ಚಿನಿಂದ ಹಿಡಿದು ಹಿಂದಿನ ಆಕ್ಸಲ್ಲಿನ ಹೌಸಿಂಗ್‌ವರೆಗೆ ಒಂದೊಂದೇ ಭಾಗ ಕೈಕೊಡುತ್ತದೆ. ಇದರ ಮೇಲೆ, ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ.

ಎರಡನೆಯ ದಾರಿ, ಈಗಿನ ಪಿಕಪ್ಪುಗಳಲ್ಲಿರುವ ಎರಡೂವರೆ ಲೀಟರಿನ ಕಾಮನ್ ರೈಲ್ ಎಂಜಿನ್, ಅಂದರೆ ಒಂದೇ ಕೊಳವೆಯಲ್ಲಿ ಭಾರೀ ಒತ್ತಡದಲ್ಲಿಟ್ಟ ಡೀಸೆಲನ್ನು ಕಂಪ್ಯೂಟರ್ ಹೇಳಿದಂತೆ ಚಿಮ್ಮಿಸುವಂಥದ್ದು. ಅದು ಹಗುರ, ಹೊಗೆ ಕಡಿಮೆ, ಡೀಸೆಲ್ ಉಳಿತಾಯವೂ ಇದೆ. ಆದರೆ ಹಳೆಯ ಪಂಪಿನ ನಾಝಲ್ ಸುಮಾರು 200 ಬಾರ್ ಒತ್ತಡಕ್ಕೆ ತೆರೆದುಕೊಂಡರೆ, ಕಾಮನ್ ರೈಲಿನಲ್ಲಿ ಒತ್ತಡ 1,500 ಬಾರ್ ದಾಟುತ್ತದೆ; ಒಂದು ಹನಿ ನೀರು, ಒಂದು ಚಿಟಿಕೆ ಧೂಳು ಇಂಜೆಕ್ಟರನ್ನು ಕೆಡಿಸಬಲ್ಲದು. ಹೊಲದಲ್ಲಿ ಕ್ಯಾನಿನಿಂದ ಡೀಸೆಲ್ ಸುರಿಯುವ ನಮ್ಮಂಥವರಿಗೆ ಅದು ಒಗ್ಗುವುದಿಲ್ಲ. ಜೊತೆಗೆ ಸೆನ್ಸರ್, ವೈರಿಂಗ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲವನ್ನೂ ಹಳೆಯ ಕ್ಯಾಬಿನ್ನಿಗೆ ಜೋಡಿಸಬೇಕು. ನಮ್ಮದೇ ಎಂಜಿನ್ನಿಗೆ ಟರ್ಬೋ ಕೂರಿಸುವ ಯೋಚನೆಯನ್ನೂ ಬಿಟ್ಟೆ. ಟರ್ಬೋ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ನಿನ ಕೆಳಗೆ ಆಯಿಲ್ ಚಿಮ್ಮಿ ತಂಪು ಮಾಡುವ ಜೆಟ್ ಇರುತ್ತದೆ. ಅದಿಲ್ಲದ ಎಂಜಿನ್ನಿನ ಮೇಲೆ ಇಲ್ಲಿನ ಮೇ ತಿಂಗಳ ಬಿಸಿಲಿನಲ್ಲಿ ಆ ಪ್ರಯೋಗ ನನಗೆ ಬೇಡ.

ಹೀಗಾಗಿ ಗಾಡಿಯಲ್ಲಿದ್ದ ನಮ್ಮ 497 ಎಂಜಿನ್ನೇ ಉಳಿಯಿತು. ಈ ಸಂಖ್ಯೆಯಲ್ಲೇ ಅದರ ಜಾತಕವಿದೆ: 4 ಸಿಲಿಂಡರ್, 97 ಮಿ.ಮೀ. ಬೋರ್. ಸ್ಟ್ರೋಕ್ 100 ಮಿ.ಮೀ., ಒಟ್ಟು 2,956 ಸಿಸಿ. ದೊಡ್ಡ ಲಾರಿಗಳ 697 ಎಂದರೆ ಇದೇ ಬೋರಿನ ಆರು ಸಿಲಿಂಡರ್. ಸ್ಟ್ರೋಕ್ 128 ಆದ್ದರಿಂದ 5,675 ಸಿಸಿ. ಡೈಮ್ಲರ್-ಬೆಂಜಿನ ಓಎಂ 352 ಎಂಜಿನ್ನಿನ ಅಳತೆಯೂ ಇದೇ, ಟಾಟಾ ಲಾರಿಗಳ ಮೂಲ ಆ ಜರ್ಮನ್ ಕಂಪನಿಯ ಜೊತೆಗಿನ 1954ರ ಒಪ್ಪಂದದಲ್ಲಿದೆ.

ಹೆಡ್ ಎತ್ತಿ ಒಂದನೆಯ ಸಿಲಿಂಡರಿನೊಳಗೆ ಬೆರಳಿಟ್ಟೆ. ಮೇಲ್ಭಾಗದಲ್ಲಿ ಉಗುರು ತಡೆಯುವಷ್ಟು ಅಂಚು ನಿಂತಿತ್ತು. ಟಾಪ್ ರಿಂಗ್ ಮುಟ್ಟದ ಆ ಅಂಚು ಸವೆದಿರಲಿಲ್ಲ, ಅದರ ಕೆಳಗೆ ಲೋಹ ಕರಗಿದಂತೆ ಹೋಗಿತ್ತು. ಡಯಲ್ ಗೇಜ್ ಇಳಿಸಿದಾಗ ಅಲ್ಲಿ 97.31 ಬಂತು, ತಳದಲ್ಲಿ 97.05. ಮೇಲ್ಭಾಗದಲ್ಲಿ ಒತ್ತಡ ಹೆಚ್ಚು, ಆಯಿಲ್ ಕಡಿಮೆ, ಧೂಳು ಮೊದಲು ಬರುವುದೂ ಅಲ್ಲಿಗೇ. ಏರ್ ಫಿಲ್ಟರಿನಿಂದ ಬರುವ ರಬ್ಬರ್ ಪೈಪನ್ನು ಕೈಯಲ್ಲಿ ಬಾಗಿಸಿದಾಗ ಕ್ಲಿಪ್ಪಿನ ಅಡಿಯಲ್ಲಿ ಸೀಳು ಬಾಯಿ ತೆರೆಯಿತು. ನಮ್ಮ ಎರೆಮಣ್ಣಿನ ಧೂಳು ಎಷ್ಟು ವರ್ಷ ಅಲ್ಲಿಂದ ಒಳಗೆ ಹೋಗಿದೆಯೋ. ಅಪ್ಪಾಜಿ ಆ ಪೈಪನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ನಾಲ್ಕೂ ಲೈನರ್ (ಸಿಲಿಂಡರಿನ ಒಳಗೋಡೆಯ ಕೊಳವೆ), ಪಿಸ್ಟನ್, ರಿಂಗ್ ಹೊಸದಾಗಿ ಬಂದಿವೆ. ಪ್ರತಿ ರಿಂಗನ್ನೂ ಬೋರಿಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ಸಮನಾಗಿ ತಳ್ಳಿ, ಫೀಲರ್ ಗೇಜಿನಿಂದ ಅದರ ಎರಡು ತುದಿಗಳ ನಡುವಿನ ಸಂದು ನೋಡಿದೆ, ಎಲ್ಲವೂ 0.40 ಮಿ.ಮೀ. ಆಸುಪಾಸಿನಲ್ಲಿವೆ.

ಕ್ರ್ಯಾಂಕ್ ಮಾತ್ರ ನೋವು ಕೊಟ್ಟಿತು. ಗ್ರೈಂಡಿಂಗಿಗೆ ಕೊಟ್ಟ ಅಂಗಡಿಯವರು ಟೆನ್ ಸೈಜಿಗೆ (ಮೂಲ ಅಳತೆಗಿಂತ 0.25 ಮಿ.ಮೀ. ಕಡಿಮೆ) ತಂದರು, ಅಳತೆ ಸರಿಯಿತ್ತು, ಆದರೆ ಮೂರನೆಯ ಜರ್ನಲ್ಲಿನ, ಅಂದರೆ ಬೇರಿಂಗ್ ಕೂರುವ ಭಾಗದ, ಮೂಲೆಯ ರೇಡಿಯಸ್ಸನ್ನು ಕತ್ತರಿಸಿದಂತೆ ಚೌಕ ಮಾಡಿದ್ದರು. ದುಂಡಗಿರಬೇಕಾದ ಮೂಲೆ ಚೌಕವಾದರೆ ಬಾಗಿಸುವ, ತಿರುಚುವ ಒತ್ತಡ ಅಲ್ಲೇ ಕೂಡುತ್ತದೆ. ಬಿರುಕು ಹುಟ್ಟುವುದೂ ಅಲ್ಲಿಂದಲೇ. ಬೇರೆ ಕಡೆ ಒಯ್ದು, ಗ್ರೈಂಡಿಂಗ್ ಚಕ್ರದ ಅಂಚನ್ನು ದುಂಡಗೆ ಮಾಡಿಸಿ, ಟ್ವೆಂಟಿ ಸೈಜಿಗೆ (0.50 ಮಿ.ಮೀ. ಕಡಿಮೆ) ಇಳಿಸಬೇಕಾಯಿತು. ಒಂದು ಸೆಟ್ ಬೇರಿಂಗ್ ಹಾಳು, ಹನ್ನೊಂದು ದಿನ ಹಾಳು. ಕ್ರ್ಯಾಂಕ್ ತರುವಾಗ ಅಳತೆಯಷ್ಟೇ ಅಲ್ಲ, ಮೂಲೆಯನ್ನೂ ಟಾರ್ಚ್ ಹಾಕಿ ನೋಡಿ ತೆಗೆದುಕೊಳ್ಳಿ ಎಂದು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಈಗ ಬ್ಲಾಕ್ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಬಟ್ಟೆ ಹೊದ್ದು ಕೂತಿದೆ. ಪಂಪು, ನಾಝಲ್ಲುಗಳು ಕ್ಯಾಲಿಬ್ರೇಶನ್‌ಗೆ ಹೋಗಿವೆ, ಸೋಮವಾರ ಬರುತ್ತವೆ. ಹೊಸ ರಬ್ಬರ್ ಪೈಪನ್ನೂ ಎರಡು ಕ್ಲಿಪ್ಪುಗಳನ್ನೂ ಅಪ್ಪಾಜಿ ತಾವೇ ಹೋಗಿ ತಂದಿಟ್ಟಿದ್ದಾರೆ.