ವಿನ್ ಸ್ಕಲ್ಲಿ ಯಾರ ಪರವಾಗಿ ಮಾತಾಡುತ್ತಿದ್ದರು?

ರೇಡಿಯೊ ವೀಕ್ಷಕ ವಿವರಣೆಯ ಬಗ್ಗೆ ನಾನು ಬರೆದಾಗಲೆಲ್ಲ ವಿನ್ ಸ್ಕಲ್ಲಿಯವರ ಹೆಸರು ಎಲ್ಲೋ ಒಂದು ಕಡೆ ನುಸುಳುತ್ತದೆ, ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ. ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡದಿಂದಲೇ ಸಂಬಳ ಪಡೆದು, ಮೊದಲು ಬ್ರೂಕ್ಲಿನ್‌ನಲ್ಲಿ, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ, 1950ರಿಂದ 2016ರವರೆಗೆ 67 ಋತುಗಳ ಕಾಲ ಅದೊಂದೇ ತಂಡದ ಪಂದ್ಯಗಳನ್ನು ಬಣ್ಣಿಸಿದ ಮನುಷ್ಯನನ್ನು ಆದರ್ಶ ವಿವರಣೆಗಾರ ಎಂದು ಹೇಗೆ ಕರೆಯುತ್ತೀರಿ, ಉಪ್ಪು ತಿಂದ ಮನೆಯ ವಿಷಯದಲ್ಲಿ ಯಾರಾದರೂ ಪಕ್ಷಪಾತವಿಲ್ಲದೆ ಮಾತಾಡುವುದುಂಟೇ, ಎಂಬುದು ಆ ಪ್ರಶ್ನೆ.

ಇದಕ್ಕೆ ನಾನು ಸಾಮಾನ್ಯವಾಗಿ ಒಂದು ಧ್ವನಿಮುದ್ರಣವನ್ನು ಕೇಳಲು ಹೇಳುತ್ತೇನೆ. 1965ರ ಸೆಪ್ಟೆಂಬರ್ 9ರ ರಾತ್ರಿ, ಡಾಡ್ಜರ್ಸ್‌ನ ಪಿಚರ್ (ಚೆಂಡು ಎಸೆಯುವ ಆಟಗಾರ) ಸ್ಯಾಂಡಿ ಕೋಫ್ಯಾಕ್ಸ್ ಶಿಕಾಗೊ ಕಬ್ಸ್ ತಂಡದ ವಿರುದ್ಧ ‘ಪರ್ಫೆಕ್ಟ್ ಗೇಮ್’ ಸಾಧಿಸಿದ ಪಂದ್ಯದ ಕೊನೆಯ ಇನ್ನಿಂಗ್ಸ್ ಅದು. ಎದುರಾಳಿಯ 27 ಸರದಿಗಳಲ್ಲಿ ಒಬ್ಬ ಬ್ಯಾಟರ್ ಕೂಡ ಓಟದ ಮೊದಲ ನಿಲ್ದಾಣವಾದ ಮೊದಲ ಬೇಸ್ ಮುಟ್ಟದಂತೆ ಎಸೆದು ಮುಗಿಸುವುದಕ್ಕೆ ಆ ಹೆಸರಿದೆ. ಬೇಸ್‌ಬಾಲ್‌ನ ಇಷ್ಟು ದೀರ್ಘ ಇತಿಹಾಸದಲ್ಲಿ ಅದು ಬೆರಳೆಣಿಕೆಯ ಪಿಚರ್‌ಗಳಿಗಷ್ಟೇ ದಕ್ಕಿದ ಸಾಧನೆ. ಇಂಥ ಹೊತ್ತಿನಲ್ಲಿ ಕೋಫ್ಯಾಕ್ಸ್‌ರ ಒಂದು ಎಸೆತವನ್ನು ಸರಿಯಾದ ಎಸೆತವೆಂದು ಅಂಪೈರ್ ಎಡ್ ವಾರ್ಗೊ ಒಪ್ಪಲಿಲ್ಲ, ಕ್ರೀಡಾಂಗಣ ಸಿಟ್ಟಿನಿಂದ ಗದ್ದಲವೆಬ್ಬಿಸಿತು. ಊರಿನ ವಿವರಣೆಗಾರನೊಬ್ಬ ಅಂಪೈರನ ಮೇಲೆ ಹರಿಹಾಯಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ಸ್ಕಲ್ಲಿ ಹೇಳಿದ್ದು ಬೇರೆ. ಇಲ್ಲಿರುವ ಅನೇಕರು ಈಗ ಎಸೆತಗಳನ್ನು ಹೃದಯದಿಂದ ನೋಡತೊಡಗಿದ್ದಾರೆ, ಚೆಂಡು ಹೊರಗೇ ಇತ್ತು, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಟೋರ್ಬೋರ್ಗ್ ಅದನ್ನು ಒಳಕ್ಕೆಳೆದು ತೋರಿಸಲು ಯತ್ನಿಸಿದರು, ಅನುಭವಿಯಾದ ವಾರ್ಗೊ ಅದಕ್ಕೆ ಬಲಿಬೀಳಲಿಲ್ಲ ಎಂದರು. ತನ್ನದೇ ತಂಡದ ಆಟಗಾರನ ಸಣ್ಣ ಚಮತ್ಕಾರವನ್ನು ಅವರು ಬಯಲು ಮಾಡಿದ್ದರು, ಅದೂ ಊರಿಡೀ ಉಸಿರು ಬಿಗಿಹಿಡಿದು ಕೇಳುತ್ತಿದ್ದಾಗ. ಆದರೂ ಅಭಿಮಾನಿಗಳನ್ನು ಹೀಗಳೆಯದೆ, ಅವರ ಆಸೆಗೂ ವಾಕ್ಯದಲ್ಲಿ ಒಂದು ಜಾಗ ಕೊಟ್ಟಿದ್ದರು.

ಅದೇ ಪ್ರಸಾರದಲ್ಲಿ ಅವರು ಗಡಿಯಾರ ನೋಡಿ ಸಮಯವನ್ನೂ ದಿನಾಂಕವನ್ನೂ ಹೇಳುತ್ತ ಹೋಗುತ್ತಾರೆ, ಏಕೆಂದರೆ ಮುಂದೊಂದು ದಿನ ಕೋಫ್ಯಾಕ್ಸ್ ಈ ಮುದ್ರಣವನ್ನು ಕೇಳಿದಾಗ ಅದು ದಾಖಲೆಯಾಗಿಯೂ ಉಳಿದಿರಬೇಕೆಂಬುದು ಅವರ ಎಣಿಕೆಯಾಗಿತ್ತು. ಕೊನೆಯ ಬ್ಯಾಟರ್ ಹಾರ್ವಿ ಕ್ಯೂನ್ ಔಟಾದ ಕೂಡಲೇ 38 ಸೆಕೆಂಡುಗಳ ಕಾಲ ಸ್ಕಲ್ಲಿ ಸುಮ್ಮನಿದ್ದು, ಕೇಳುಗರಿಗೆ ಜನಸಮೂಹದ ಹರ್ಷೋದ್ಗಾರವನ್ನಷ್ಟೇ ಬಿಟ್ಟುಕೊಡುತ್ತಾರೆ. ರೇಡಿಯೊದಲ್ಲಿ ಮೌನವೆಂದರೆ ಪ್ರಸಾರ ಕಡಿದುಹೋದಂತೆ ಎಂದು ಹೆದರುವವರೇ ಹೆಚ್ಚು. ಬಾಲ್ಯದಲ್ಲಿ ಮನೆಯ ದೊಡ್ಡ ರೇಡಿಯೊ ಪೆಟ್ಟಿಗೆಯ ಕೆಳಗೆ ತೂರಿ ಮಲಗಿ, ಪ್ರೇಕ್ಷಕರ ಆರ್ಭಟವನ್ನು ಮೈಮೇಲೆ ಸುರಿದುಕೊಂಡಂತೆ ಕೇಳುತ್ತಿದ್ದ ಸ್ಕಲ್ಲಿಯವರಿಗೆ ಆ ಸದ್ದಿನ ಬೆಲೆ ಗೊತ್ತಿತ್ತು.

1958ರಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಬಂದಾಗ ಮೊದಲ ನಾಲ್ಕು ಋತುಗಳನ್ನು ಕೊಲಿಸಿಯಂ ಎಂಬ ಬೃಹತ್ ಕ್ರೀಡಾಂಗಣದಲ್ಲಿ ಆಡಿತು. ಅದು ಬೇಸ್‌ಬಾಲ್‌ಗೆಂದು ಕಟ್ಟಿದ್ದಲ್ಲ; ಎಷ್ಟೋ ಆಸನಗಳು ಆಟದಿಂದ ಬಹುದೂರದಲ್ಲಿದ್ದವು. ಹಾಗಾಗಿ ಜನ ಟ್ರಾನ್ಸಿಸ್ಟರ್ ಹಿಡಿದುಕೊಂಡೇ ಒಳಗೆ ಬರುತ್ತಿದ್ದರು, ಕಣ್ಣೆದುರಿನ ಆಟವನ್ನು ಸ್ಕಲ್ಲಿಯವರಿಂದ ಕೇಳಿ ಅರ್ಥಮಾಡಿಕೊಳ್ಳುತ್ತಿದ್ದರು. 1960ರಲ್ಲಿ ಒಮ್ಮೆ, ಇವತ್ತು ಅಂಪೈರ್ ಫ್ರ್ಯಾಂಕ್ ಸೆಕೋರಿಯವರ ಹುಟ್ಟುಹಬ್ಬ, ನಾನು ಒಂದು ಎರಡು ಮೂರು ಎನ್ನುತ್ತೇನೆ, ಎಲ್ಲರೂ ಕೂಗಿ ಎಂದು ಅವರು ಮೈಕಿನಲ್ಲಿ ಹೇಳಿದಾಗ, ಕ್ರೀಡಾಂಗಣವೆಲ್ಲ ಒಂದೇ ಸ್ವರದಲ್ಲಿ ಶುಭಾಶಯ ಕೂಗಿತು. ಈ ಪ್ರಸಂಗವನ್ನು ಅವರ ಜನಪ್ರಿಯತೆಗೆ ಸಾಕ್ಷಿಯಾಗಿ ಹೇಳುವುದು ವಾಡಿಕೆ. ನನಗೆ ಇದರಲ್ಲಿ ಕಾಣುವುದು ಬೇರೊಂದು ಸಂಗತಿ: ಹೇಳಿದ ಪ್ರತಿ ಮಾತನ್ನೂ ಆಟದೊಂದಿಗೆ ಆ ಕ್ಷಣವೇ ತಾಳೆ ನೋಡಬಲ್ಲ ಸಾವಿರಾರು ಪರೀಕ್ಷಕರ ನಡುವೆ ಅವರು ದಿನವೂ ಕೆಲಸ ಮಾಡುತ್ತಿದ್ದರು. ಅಂಥ ಕಡೆ ಉತ್ಪ್ರೇಕ್ಷೆ ಹೆಚ್ಚು ಕಾಲ ನಡೆಯುವುದಿಲ್ಲ.

ಈ ಶಿಸ್ತನ್ನು ಅವರಿಗೆ ಕಲಿಸಿದವರು ಬ್ರೂಕ್ಲಿನ್‌ನ ಹಿರಿಯ ವಿವರಣೆಗಾರ ರೆಡ್ ಬಾರ್ಬರ್. ನಡುವೆ ರೇಡಿಯೊ ಹಾಕಿದವರಿಗೆ ಸ್ಕೋರ್ ತಿಳಿಯಲೆಂದು ಮೂರು ನಿಮಿಷದ ಮರಳು ಗಡಿಯಾರವನ್ನು ಎದುರಿಗಿಟ್ಟುಕೊಳ್ಳುತ್ತಿದ್ದ ಆ ಗುರು, ತಂಡದ ಪರ ವಹಿಸಬಾರದು, ಇತರ ವಿವರಣೆಗಾರರನ್ನು ಅನುಕರಿಸಬಾರದು ಎಂದು ಶಿಷ್ಯನಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಸ್ಕಲ್ಲಿ ಡಾಡ್ಜರ್ಸ್ ತಂಡವನ್ನು ‘ನಾವು’ ಎನ್ನುತ್ತಿರಲಿಲ್ಲ. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆ್ಯರನ್ ತಮ್ಮ 715ನೆಯ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದು ಬೇಬ್ ರೂತ್‌ರ ದಾಖಲೆ ಮುರಿದದ್ದು ಡಾಡ್ಜರ್ಸ್ ವಿರುದ್ಧವೇ. ಅಲ್ಲಿಯೂ ಸ್ಕಲ್ಲಿ ಬಹಳ ಹೊತ್ತು ಮಾತು ನಿಲ್ಲಿಸಿ, ಬಳಿಕ ಹೇಳಿದ್ದು ಸೋತ ಪಿಚರ್‌ನ ಬಗ್ಗೆಯಲ್ಲ. ಅಮೆರಿಕದ ದಕ್ಷಿಣ ಭಾಗದಲ್ಲಿ ಕಪ್ಪು ವರ್ಣೀಯನೊಬ್ಬನಿಗೆ ಜನ ಎದ್ದುನಿಂತು ಗೌರವ ಸಲ್ಲಿಸುತ್ತಿದ್ದಾರೆ ಎಂಬುದನ್ನು. ಅವರು ಪಂದ್ಯದ ನಡುವೆ ಹೇಳುತ್ತಿದ್ದ ಕಥೆಗಳನ್ನು ಹೊಗಳುವವರು ಬಹಳ ಮಂದಿ. ನನ್ನ ಮಟ್ಟಿಗೆ ಇಂಥ ಒಂದು ವಾಕ್ಯದ ಮುಂದೆ ಆ ಕಥೆಗಳು ಎರಡನೆಯವು.

ಇಷ್ಟು ಹೇಳಿದ ಮೇಲೂ ಪ್ರಶ್ನೆಯ ಒಂದು ಪಾಲು ಉಳಿಯುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಂಬಳ ಕೊಡುವವರಿಗೆ ನಿಜ ಯಾವಾಗಲೂ ರುಚಿಸುವುದಿಲ್ಲ ಎಂಬುದಕ್ಕೆ ಆ ಗುರುವಿನ ಬದುಕೇ ಉದಾಹರಣೆ. ಬಾರ್ಬರ್ ಮುಂದೆ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಹೋದರು. 1966ರ ಸೆಪ್ಟೆಂಬರ್ 22ರಂದು ಆ ತಂಡದ ವಿಶಾಲ ಕ್ರೀಡಾಂಗಣಕ್ಕೆ ಬಂದ ಪ್ರೇಕ್ಷಕರು ಬರೀ 413. ಖಾಲಿ ಆಸನಗಳನ್ನು ತೋರಿಸಿ ಎಂದು ಬಾರ್ಬರ್ ಕ್ಯಾಮೆರಾದವರನ್ನು ಕೇಳಿದರು. ಅವರು ಒಪ್ಪದಿದ್ದಾಗ, ಇವತ್ತಿನ ಸುದ್ದಿ ಆಟವಲ್ಲ, ಈ ಪ್ರೇಕ್ಷಕರ ಸಂಖ್ಯೆಯೇ ಎಂದು ಪ್ರಸಾರದಲ್ಲಿಯೇ ಹೇಳಿದರು. ಅವರ ಒಪ್ಪಂದ ನವೀಕರಣವಾಗಲಿಲ್ಲ. 2022ರಲ್ಲಿ 94ನೆಯ ವಯಸ್ಸಿನಲ್ಲಿ ತೀರಿಕೊಂಡ ಶಿಷ್ಯನ ಹೆಸರನ್ನು ಡಾಡ್ಜರ್ಸ್ ಕ್ರೀಡಾಂಗಣದ ರಸ್ತೆಗೇ ಇಡಲಾಗಿದೆ. ಆದ್ದರಿಂದ ಪಕ್ಷಪಾತವಿಲ್ಲದೆ ಮಾತಾಡುವುದು ಸಾಧ್ಯವೇ ಎಂದು ಕೇಳಿದವರಿಗೆ ನಾನು ಸಾಧ್ಯ ಎನ್ನುತ್ತೇನೆ, ಜೊತೆಗೆ ಬಾರ್ಬರ್ ಅವರ ಕಥೆಯನ್ನೂ ಹೇಳುತ್ತೇನೆ.