ಲೋಕಲ್ ರೈಲಿನಲ್ಲಿ ಕೀರ್ತನೆ ಓದುವವರಿಗೆ

ಮುಂಬೈಯ ಕನ್ನಡ ಕ್ರೈಸ್ತರಲ್ಲಿ ಬಹಳ ಮಂದಿಗೆ ಪ್ರಾರ್ಥನೆಗೆ ಸಿಗುವ ಹೊತ್ತೆಂದರೆ ಲೋಕಲ್ ರೈಲಿನ ಪ್ರಯಾಣವೇ. ಬೈಬಲಿನ ಕೀರ್ತನೆಗಳು 150, ದಿನಕ್ಕೆ ಐದರಂತೆ ಓದಿದರೆ 30 ದಿನದಲ್ಲಿ ಮುಗಿಯುತ್ತವೆ. ಈ ಲೆಕ್ಕ ಕೈಕೊಡುವುದು 24ನೇ ದಿನ. ಅಂದು 119ನೇ ಕೀರ್ತನೆ ಬರುತ್ತದೆ, ಅದೊಂದರಲ್ಲೇ 176 ವಚನಗಳು! ಅದು ಎಂಟೆಂಟು ವಚನಗಳ 22 ಭಾಗಗಳಾಗಿಯೇ ಇದೆ. ಅದನ್ನು ಬೇರೆಯಿಟ್ಟು, ದಿನಕ್ಕೊಂದು ಭಾಗದಂತೆ ಮಲಗುವ ಮುನ್ನ ಓದಿ.

ಓದುವಾಗ ಫೋನಿನ ಡೇಟಾ ಆಫ್ ಇರಲಿ. ಮನಸ್ಸಿಗೆ ನಾಟಿದ ಒಂದೇ ವಚನ ಹಿಡಿದು ಮೂರು ಸಲ ಮೆಲ್ಲಗೆ ಹೇಳಿಕೊಳ್ಳಿ, ಆಮೇಲೆ ಅದೇ ಮಾತುಗಳಲ್ಲಿ ಪ್ರಾರ್ಥಿಸಿ. ಕಣ್ಣು ಮುಚ್ಚಿದರೆ ತೂಕಡಿಕೆ ಬರುತ್ತದೆ, ತೆರೆದೇ ಇರಲಿ.

104ನೇ ಕೀರ್ತನೆಯನ್ನು ಮಾತ್ರ ರೈಲಿನಲ್ಲಿ ಮುಗಿಸಬೇಡಿ. ಕಣಿವೆಯ ಬುಗ್ಗೆ, ಕೊಂಬೆಯಲ್ಲಿ ಹಾಡುವ ಹಕ್ಕಿ ಎಲ್ಲವೂ ಅದರಲ್ಲಿವೆ. ಮಳೆಗಾಲದಲ್ಲಿ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಗಟ್ಟಿಯಾಗಿ ಓದಿ.

ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ ಬೈಬಲಿನ ಯೆರೆಮೀಯ 29:7. "ಮುಂಬೈಯನ್ನು ಆಶೀರ್ವದಿಸು" ಎಂದಷ್ಟೇ ಹೇಳಿದರೆ ಸಾಲದು. ಯಾವ ಬೀದಿ, ಯಾವ ಕಟ್ಟಿಕೊಂಡ ಚರಂಡಿ, ಕೈಗವಸಿಲ್ಲದೆ ಕಸ ಎತ್ತುವವರು ಯಾರು ಎಂದು ಚೀಟಿಯಲ್ಲಿ ಬರೆದು ಪ್ರಾರ್ಥಿಸಿ. ಸೋಮವಾರ ಅದೇ ಚೀಟಿ ಹಿಡಿದು ವಾರ್ಡ್ ಕಚೇರಿಯಲ್ಲಿ ದೂರು ಕೊಡಿ, ದೂರಿನ ನಂಬರ್ ಬರೆಸಿಕೊಳ್ಳಿ.